ಏಪ್ರಿಲ್ ಚಿತ್ರದಲ್ಲಿ ಬರಡಾದ ದ್ರಾಕ್ಷಿ ತೋಟ

ನಾನು ಬಿಟ್ಟುಬಂದ ಮೇಜಿಗೆ ಹೊಸದಾಗಿ ಬಂದು ಕೂತ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ಸೊಲ್ಲಾಪುರ ರಸ್ತೆಯ ನಮ್ಮ ಮನೆಗೆ ಬಂದಿದ್ದರು. ಉಪಗ್ರಹದ ಚಿತ್ರ ಓದಿ ಭೂಮಿಯ ನಕ್ಷೆ ಮಾಡಿಕೊಡುವ ಒಂದು ಚಿಕ್ಕ ಸರ್ಕಾರಿ ಘಟಕ ನಮ್ಮದು. ಚಹಾ ಕುಡಿದು, "ಸರ್, ಪುಸ್ತಕದಾಗ ಇಲ್ಲದ್ದು ಏನರ ಇದ್ರ ಹೇಳ್ರಿ" ಅಂದರು. ನಾನು ಒಂದು ತಾಸು ಮಾತಾಡಿದೆ, ಅಷ್ಟೂ ಬಡಾಯಿ. ಅವರು ಹೋದ ಮೇಲೆ, ಬುದ್ಧ ವಿಹಾರಕ್ಕೆ ಹೊರಟು ನಿಂತಿದ್ದ ನನ್ನ ಹೆಂಡತಿ ಸುಜಾತಾ, "ದ್ರಾಕ್ಷಿ ತೋಟದ್ದು ಯಾಕ ಹೇಳಲಿಲ್ಲರಿ?" ಅಂತ ಕೇಳಿದಳು. ಎದುರಿಗೆ ಕೂತು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೌಕರಿಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಉಪಗ್ರಹ ಅಂದ ಕೂಡಲೇ ಜನಕ್ಕೆ ಏನೇನೋ ಅನಿಸುತ್ತದೆ. ನಮ್ಮವ್ವ ಓಣಿಯವರಿಗೆಲ್ಲ "ನನ್ನ ಮಗಾ ಚಂದ್ರನ ಆಫೀಸಿನ್ಯಾಗ ಅದಾನ" ಅಂತ ಹೇಳಿಕೊಂಡು ತಿರುಗುತ್ತಿದ್ದಳು. ಕ್ಷೌರದಂಗಡಿಯಲ್ಲಿ ಒಬ್ಬ ಯಜಮಾನ ನನ್ನ ಕೈ ಹಿಡಿದು, "ಸಾಹೇಬ್ರ, ನಮ್ಮ ಎಮ್ಮಿ ಕಳದು ಮೂರು ದಿನ ಆತು. ಮ್ಯಾಲಿಂದ ಒಂದೀಟ ನೋಡಿ ಹೇಳ್ರಲ್ಲ" ಅಂದಿದ್ದ. ಆ ಚಿತ್ರದಲ್ಲಿ ಎಮ್ಮೆ ಬಿಡಿ, ಎಮ್ಮೆ ಕಟ್ಟುವ ಕೊಟ್ಟಿಗೆಯೂ ಕಾಣುವುದಿಲ್ಲ ಅಂದರೆ ನಂಬಲೇ ಇಲ್ಲ. ಸರ್ಕಾರದವರು ಕಂಡದ್ದನ್ನು ಹೇಳುವುದಿಲ್ಲ ಅಂತ ಗೊಣಗಿಕೊಂಡು ಹೋದ.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಚಿತ್ರದ ದೊಡ್ಡ ಹಾಳೆ ಬರುತ್ತಿತ್ತು. ಕೆಳಗೆ ದೀಪ ಇರುವ ಗಾಜಿನ ಮೇಜಿನ ಮೇಲೆ ಅದನ್ನು ಹಾಸಿ, ಮೇಲೆ ಪಾರದರ್ಶಕ ಹಾಳೆ ಇಟ್ಟು, ಸೂಜಿಯಂಥ ಪೆನ್ನಿನಿಂದ ಗೆರೆ ಎಳೆಯಬೇಕು. ಆ ಚಿತ್ರದಲ್ಲಿ ಬೆಳೆ ಕೆಂಪಗೆ ಕಾಣುತ್ತದೆ, ಬರಡು ನೆಲ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮೊದಲ ವಾರ ನಾನು ಬಬಲೇಶ್ವರದ ಕಡೆಯ ಜೋಳದ ಹೊಲಗಳನ್ನೆಲ್ಲ ಸುಟ್ಟ ನೆಲ ಅಂತ ಬರೆದುಬಿಟ್ಟಿದ್ದೆ. ನಕ್ಷೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಗೋಳಗುಮ್ಮಟದ ನೆರಳನ್ನು ಹಿಡಿಯುತ್ತಿದ್ದೆವು. ಅದು ಜಾಗ ತಪ್ಪಿದರೆ ಇಡೀ ಜಿಲ್ಲೆಯೇ ಜಾಗ ತಪ್ಪಿದೆ ಅಂತ ಅರ್ಥ.

ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ನಕ್ಷೆ ತೋರಿಸಲು ಹೋದರೆ ಅವರು ಮೊದಲು ನಮ್ಮ ಚಪ್ಪಲಿ ನೋಡುತ್ತಿದ್ದರು. ಧೂಳಿಲ್ಲದಿದ್ದರೆ ಹಾಳೆ ಬಿಚ್ಚಲೂ ಬಿಡುತ್ತಿರಲಿಲ್ಲ. ಒಮ್ಮೆ ಶ್ರಾವಣದ ಚಿತ್ರ ನೋಡಿ ಬಬಲೇಶ್ವರದ ಕಪ್ಪು ಮಣ್ಣಿನ ಎರಿ ಹೊಲಗಳನ್ನು ನಾನು ಬಿತ್ತದೆ ಬಿಟ್ಟ ಭೂಮಿ ಅಂತ ತುಂಬಿದ್ದೆ. ಸಾಹೇಬರು ಬಸ್ಸಿನಲ್ಲಿ ಅಲ್ಲಿಗೇ ಕಳಿಸಿದರು. ಬದುವಿನ ಮೇಲೆ ಕೂತಿದ್ದ ರೈತನೊಬ್ಬ ನನ್ನ ಹಾಳೆ ನೋಡಿ, "ಇದು ಹಿಂಗಾರಿ ಹೊಲ ಐತ್ರಿ. ಮಳಿಗಾಲದಾಗ ಹರಗಿ ಬಿಡತೀವಿ, ಆಮ್ಯಾಲ ಬಿಳಿಜೋಳ ಬಿತ್ತತೀವಿ. ನೀವು ಸಂಕ್ರಾಂತಿಗೆ ಬರ್ರಿ, ಹೊಲದಾಗ ನೀವಾ ಕಾಣಂಗಿಲ್ಲ" ಅಂದ. ಎರಡು ಹಂಗಾಮಿನ ಚಿತ್ರ ನೋಡದೆ ಯಾವ ನೆಲಕ್ಕೂ ಹೆಸರು ಇಡಬಾರದು ಅನ್ನುವ ಪಾಠ ಅಂದು ಕಲಿತೆ. ಮುಂದೆ ಹೊಸಬರಿಗೆಲ್ಲ ಗಂಟಲು ಹರಿಯುವಂತೆ ಅದನ್ನೇ ಹೇಳಿಕೊಟ್ಟವನು ನಾನು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ತಿಕೋಟಾ ಕಡೆ ರೈತರು ಕೃಷಿ ಹೊಂಡ ತೋಡಿ, ಒಳಗೆ ಪ್ಲಾಸ್ಟಿಕ್ ಹಾಸಿ ನೀರು ತುಂಬಿಡಲು ಶುರುಮಾಡಿದ ಕಾಲಕ್ಕೆ ಇನ್ನೊಂದು ಎಡವಟ್ಟಾಯಿತು. ಚಿತ್ರದಲ್ಲಿ ಅಲ್ಲಲ್ಲಿ ಕಪ್ಪಗೆ ನೀರು ಕಂಡಿತು. ನಮ್ಮ ಘಟಕ ಅವನ್ನೆಲ್ಲ ಹೊಸ ಕೆರೆಗಳು ಅಂತ ಬರೆದು ಕಳಿಸಿತು. ಆ ಕೆರೆಗಳ ಏರಿ ಗಟ್ಟಿಯಾಗಿದೆಯೇ ನೋಡಲು ಒಬ್ಬ ಎಂಜಿನಿಯರು ಜೀಪು ಹತ್ತಿ ಬಂದ, ದಿನವೆಲ್ಲ ತಿರುಗಿ ತೋಟದವರು ಕೊಟ್ಟ ಒಣದ್ರಾಕ್ಷಿ ಕಿಸೆಗೆ ತುಂಬಿಕೊಂಡು ಹೋದ. ಅವನು ಬರೆದ ಪತ್ರ ನಮ್ಮ ಕಚೇರಿಯ ಕಪಾಟಿನಲ್ಲಿ ಇನ್ನೂ ಇದೆ. ಓದಿ ನಕ್ಕುಬಿಡಿ, ಯಾರಿಗೂ ನಷ್ಟವಾಗಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಒಳ್ಳೆಯದೇ ಆಯಿತು, ಕಣ್ಣು ಉಳಿದವು. ನಾವು ನಾಲ್ಕಾರು ಮಾದರಿ ತೋರಿಸಿದರೆ ಸಾಕು, ಉಳಿದ ನೆಲಕ್ಕೆಲ್ಲ ಅದೇ ಬಣ್ಣ ಹಚ್ಚಿ ಕೊಡುತ್ತಿತ್ತು. ಪರಿಸರದ ಮೇಲೆ ಮೇಲಿನಿಂದಲೇ ಕಣ್ಣಿಡಬೇಕು ಅನ್ನುವ ನೀತಿಯೂ ಬಂತು: ಕಾಡು ಕಡಿದರೆ, ಕೆರೆ ಮುಚ್ಚಿದರೆ, ಕಲ್ಲು ಗಣಿ ಗಡಿ ದಾಟಿದರೆ ಉಪಗ್ರಹವೇ ಹೇಳಲಿ ಅಂತ. ಹೇಳಿತೂ ಕೂಡ. ಅದರಿಂದ ಉಳಿದ ಕೆರೆಗಳು ನನಗೆ ಗೊತ್ತಿವೆ, ಆ ಬಗ್ಗೆ ನನಗೆ ಈಗಲೂ ಅಭಿಮಾನವಿದೆ. ಆದರೆ ಚಿತ್ರ ಹೆಚ್ಚಾದಂತೆ ಜೀಪು ಹೊರಡುವುದು ಕಡಿಮೆಯಾಯಿತು. ನಮ್ಮ ಚಪ್ಪಲಿ ನೋಡುವವರು ಯಾರೂ ಉಳಿಯಲಿಲ್ಲ.

ನನ್ನ ನಿವೃತ್ತಿಗೆ ಎರಡು ವರ್ಷವೂ ಇರಲಿಲ್ಲ. ಅಣು ವಿದ್ಯುತ್ ಹೆಚ್ಚು ಮಾಡಬೇಕು, ಅದಕ್ಕೆ ಒಳನಾಡಿನಲ್ಲೂ ಜಾಗ ಹುಡುಕಬೇಕು ಅನ್ನುವ ಯೋಜನೆಯ ಮಾತು ಶುರುವಾಗಿತ್ತು. ಜಾಗದ ಮೊದಲ ಸೋಸಣೆಯನ್ನು ಉಪಗ್ರಹದ ನಕ್ಷೆಯಿಂದಲೇ ಮಾಡುತ್ತಾರೆ. ಕಾಡು ಇರಬಾರದು, ಜನ ದಟ್ಟ ಇರಬಾರದು, ಒಳ್ಳೆಯ ಬೆಳೆ ಇರಬಾರದು. ಉಳಿದದ್ದಷ್ಟೇ ಪಟ್ಟಿಗೆ ಸೇರುತ್ತದೆ, ನೀರು ಮತ್ತು ನೆಲದೊಳಗಿನ ಕಲ್ಲನ್ನು ಆಮೇಲೆ ನೋಡುತ್ತಾರೆ. ನಮ್ಮ ಜಿಲ್ಲೆಯ ಹಾಳೆಗಳನ್ನು ನಮ್ಮಿಂದಲೇ ಕೇಳಿದರು, ಹದಿನೈದು ದಿನದಲ್ಲಿ ಬೇಕು ಅಂದರು. ಮೋಡ ಇಲ್ಲದ ಚಿತ್ರವೇ ಇರಲಿ ಅಂತ ನಾನು ಏಪ್ರಿಲ್ ತಿಂಗಳಿನದನ್ನು ತೆಗೆದುಕೊಂಡೆ. ಬಬಲೇಶ್ವರದಿಂದ ತಿಕೋಟಾ ಕಡೆಗಿನ ಹಾಳೆಯಲ್ಲಿ ದೊಡ್ಡದೊಂದು ತುಂಡು ಬೂದು ಬಣ್ಣದಲ್ಲಿ ಬಂತು. ಕಂಪ್ಯೂಟರ್ "ಪಾಳು ಭೂಮಿ" ಅಂದಿತು. ನಾನು ಹೌದು ಅಂದೆ, ಸಹಿ ಮಾಡಿದೆ.

ಅಣು ಸ್ಥಾವರ ಬೇಕೋ ಬೇಡವೋ ಅನ್ನುವ ವಾದಕ್ಕೆ ನಾನು ಇಳಿಯುವುದಿಲ್ಲ. ಕರೆಂಟು ಎಲ್ಲರಿಗೂ ಬೇಕು, ಎಲ್ಲೋ ಒಂದು ಕಡೆ ಅದನ್ನು ಮಾಡಲೇಬೇಕು. ನನ್ನ ಕೆಲಸ ಇದ್ದದ್ದು ಇಷ್ಟೇ: ಅಲ್ಲಿ ಏನಿದೆ ಅಂತ ಸರಿಯಾಗಿ ಹೇಳುವುದು. ಅಷ್ಟನ್ನೇ ನಾನು ಮಾಡಿರಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ, ನನಗೆ ಏಳು ತಿಂಗಳ ನೌಕರಿ ಉಳಿದಿದ್ದಾಗ, ಬೇರೆ ಯಾವುದೋ ಕೆಲಸಕ್ಕೆ ತಿಕೋಟಾಕ್ಕೆ ಹೋಗಿದ್ದೆ. ನಮ್ಮ ಚಾಲಕ ಮೌಲಾಲಿ ಜೀಪಿಗೆ ನೀರು ಹಾಕಲು ಒಂದು ತೋಟದ ಬದಿಗೆ ನಿಲ್ಲಿಸಿದ. ಕಲ್ಲಿನ ಕಂಬ, ತಂತಿ ಸಾಲಾಗಿ ನಿಂತಿದ್ದವು. ತಂತಿಯ ಮೇಲೆ ಒಂದೇ ಒಂದು ಎಲೆ ಇರಲಿಲ್ಲ, ಒಣಗಿದಂಥ ಕಪ್ಪು ಬಡ್ಡೆಗಳಷ್ಟೇ. ಕೆಳಗೆ ರಾಶಿ ರಾಶಿ ಕಡ್ಡಿ ಬಿದ್ದಿತ್ತು. ಐವತ್ತರ ಹತ್ತಿರದ ಹೆಣ್ಣುಮಗಳೊಬ್ಬಳು ಕೈಯಲ್ಲಿ ಕತ್ತರಿ ಹಿಡಿದು ನಾಲ್ಕು ಆಳುಗಳ ಜೊತೆ ಸಾಲಿನಲ್ಲಿದ್ದಳು. ತೋಟದ ಒಡತಿ ಕಾಶೀಬಾಯಿ ಅವಳೇ.

"ಅಕ್ಕಾರ, ಗಿಡಾ ಒಣಗ್ಯಾವೇನ್ರಿ?" ಅಂತ ಮರುಕದಿಂದ ಕೇಳಿದೆ.

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಶೀಬಾಯಿ, "ಒಣಗಿಲ್ಲರಿ, ಬೋಳಿಸೇವಿ. ಏಪ್ರಿಲ್ ಚಾಟಣಿ ಇದು. ಹಣ್ಣು ಕೊಯ್ದ ಮ್ಯಾಲ ಎಲ್ಲಾ ಕಡದು ಬಿಡತೀವಿ, ಹದಿನೈದು ದಿನಕ್ಕ ಹೊಸಾ ಚಿಗರ ಬರತೈತಿ" ಅಂದಳು. ಆಮೇಲೆ, "ಯಾ ಊರವ್ರರಿ ನೀವು?" ಅಂತ ಕೇಳಿದಳು.

"ವಿಜಾಪುರದಾಂವರಿ."

"ವಿಜಾಪುರದವ್ರಾಗಿ ಚಾಟಣಿ ಗೊತ್ತಿಲ್ಲೇನ್ರಿ?"

ಗೊತ್ತಿರಲಿಲ್ಲ. ಹೊಲ ಇದ್ದ ಮನೆಯಲ್ಲಿ ಹುಟ್ಟಿದವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ನಮಗೆ ಅಂಗೈಯಗಲ ಹೊಲವೂ ಇರಲಿಲ್ಲ. ನಮ್ಮಪ್ಪ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ನನ್ನನ್ನು ಓದಿಸಿದ. ಹಣ್ಣಿನ ಕಾಲದಲ್ಲಿ ಚೀಲದ ತಳದಲ್ಲಿ ಉಳಿದ ದ್ರಾಕ್ಷಿ ಮನೆಗೆ ಬರುತ್ತಿತ್ತು. ಹಣ್ಣು ಗೊತ್ತಿತ್ತು, ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟಣಿ ಮಾಡುತ್ತಾರೆ ಅನ್ನುವುದು ಗೊತ್ತಿರಲಿಲ್ಲ. ಮೂವತ್ತು ವರ್ಷ ಅದೇ ತೋಟಗಳನ್ನು ಮೇಲಿನಿಂದ ನೋಡಿದ್ದೆ, ಅದೂ ಬಹುಪಾಲು ಚಳಿಗಾಲದ ಚಿತ್ರದಲ್ಲಿ, ಕೆಂಪಗೆ ತುಂಬಿಕೊಂಡಿದ್ದಾಗ.

ಅಷ್ಟರಲ್ಲಿ ಅವಳು ಕುಡಿಯಲು ನೀರು ಕೊಟ್ಟಳು. ಜೀಪಿನ ಮೇಲಿನ ಬರಹ ಓದಿದವಳೇ, "ಸರ್ಕಾರದವ್ರ ಅದೀರಿ, ಒಂದ ಮಾತ ಕೇಳಲೇನ್ರಿ?" ಅಂದಳು. "ಇಲ್ಲೆಲ್ಲಾ ಅಣು ಕರೆಂಟಿನ ಕಾರ್ಖಾನಿ ಮಾಡತಾರಂತ, ಖರೇನಾ? ಯಾಂವೋ ಒಬ್ಬಾಂವ ಮ್ಯಾಲಿಂದ ಫೋಟೋ ನೋಡಿ ಇದು ಬರಡ ಭೂಮಿ ಅಂತ ಬರದಾನಂತ. ಅಂವಗ ಕಣ್ಣ ಇಲ್ಲೇನ್ರಿ?"

ನೀರಿನ ತಂಬಿಗೆ ವಾಪಸು ಕೊಟ್ಟೆ. ಅದು ನಾನೇ ಅಂತ ಹೇಳಬೇಕಿತ್ತು. "ವಿಚಾರಸತೀನ್ರಿ" ಅಂದು ಜೀಪು ಹತ್ತಿದೆ. ದಾರಿಯಲ್ಲಿ ಮೌಲಾಲಿಯನ್ನು ಕೇಳಿದೆ, "ನಿನಗ ಚಾಟಣಿ ಗೊತ್ತಿತ್ತೇನೋ?" "ಗೊತ್ತಿಲ್ಲದ ಏನ್ರಿ ಸಾಹೇಬ್ರ? ನಮ್ಮ ಮಾವನ ತೋಟ ಐತಿ. ನೀವು ಕೇಳಿದ್ರ ಹೇಳತಿದ್ದೆ" ಅಂದ. ಅಷ್ಟು ವರ್ಷ ಜೀಪಿನಲ್ಲಿ ಪಕ್ಕಕ್ಕೇ ಕೂತವನನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

ಕಚೇರಿಗೆ ಬಂದು ಹಳೆಯ ಹಾಳೆ ತೆಗೆದೆ. ಅದೇ ಜಾಗದ ಡಿಸೆಂಬರ್ ಚಿತ್ರ ಹುಡುಕಿ ಪಕ್ಕದಲ್ಲಿಟ್ಟೆ. ಪಾಳು ಅಂತ ಬರೆದ ತುಂಡು ಅಷ್ಟೂ ಕಡುಗೆಂಪು. ಏಪ್ರಿಲ್ ಚಿತ್ರವನ್ನೇ ಸರಿಯಾಗಿ ನೋಡಿದ್ದರೂ ತಿಳಿಯುತ್ತಿತ್ತು: ಬೂದು ನೆಲದ ನಡುನಡುವೆ ಕೃಷಿ ಹೊಂಡಗಳು ನೀರು ತುಂಬಿಕೊಂಡು ಕಪ್ಪಗೆ ಕಾಣುತ್ತಿದ್ದವು. ಬರಡು ನೆಲದಲ್ಲಿ ಇಷ್ಟು ನೀರು ಯಾರು ಯಾಕೆ ತುಂಬಿಡುತ್ತಾರೆ ಅಂತ ನಾನು ಕೇಳಿಕೊಂಡಿರಲಿಲ್ಲ. ಎರಡು ದಿನ ಆ ಹಾಳೆಗಳನ್ನು ಖಾನೆಯಲ್ಲಿಟ್ಟು ಬೀಗ ಹಾಕಿಕೊಂಡು ಕೂತೆ. ಅಂಜಿದ್ದೆ. ಏಳು ತಿಂಗಳಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋಗುವವನ ಮೇಲೆ ವಿಚಾರಣೆ ಬಂದರೆ ನಿವೃತ್ತಿಯ ಕಾಗದಗಳು ಎಲ್ಲಿ ನಿಲ್ಲುತ್ತವೆ ಅನ್ನುವುದು ನೌಕರಿ ಮಾಡಿದ ಎಲ್ಲರಿಗೂ ಗೊತ್ತು. ಮನೆಯಲ್ಲಿ ಹೇಳಿದಾಗ ಸುಜಾತಾ, "ಆ ಕಾಶೀಬಾಯಿಗೆ ಇರೂದು ಒಂದಾ ತೋಟ ಅಲ್ರಿ?" ಅಂದಳು. ಮರುದಿನ ಎರಡೂ ಹಾಳೆ ಹಿಡಿದು ಮೇಲಧಿಕಾರಿ ಶೈಲಜಾ ಮೇಡಂ ಹತ್ತಿರ ಹೋದೆ.

ಮೇಡಂ ಧಾರವಾಡದವರು, ಮಾತು ಕಡಿಮೆ. ಎರಡೂ ಹಾಳೆಗಳನ್ನು ಬಹಳ ಹೊತ್ತು ನೋಡಿದರು.

"ಈ ಹಾಳಿಗೆ ಯಾರ ಸಹಿ ಐತಿ?"

"ನಂದರಿ."

"ತನಿಖಿ ಮಾಡಿದವ್ರು?"

ಕೆಳಗಿನ ಎರಡನೆಯ ಸಹಿಯ ಮೇಲೆ ಬೆರಳಿಟ್ಟೆ. ಆ ಸಹಿ ಅವರದೇ.

"ಕಾಂಬಳೆಯವ್ರ, ನಿಮ್ಮ ಹಾಳಿ ಅಂತ ನಾ ತೆರದೂ ನೋಡಲಿಲ್ಲ" ಅಂದರು. ಆಮೇಲೆ ತಾವೇ ಒಂದು ದಾರಿ ಹೇಳಿದರು. "ಹೊಸಾ ಚಿತ್ರ ಬಂತು, ಅದರ ಪ್ರಕಾರ ಪರಿಷ್ಕರಿಸೇವಿ ಅಂತ ಬರದ ಕಳಸೂಣು. ನಿಮಗೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ."

ನನ್ನ ಎದೆ ಎಷ್ಟು ಹಗುರಾಯಿತೆಂದರೆ ಅವರ ಕಾಲಿಗೆ ಬೀಳುವುದೊಂದು ಬಾಕಿ. ಹಾಗೇ ಟೈಪ್ ಮಾಡಲು ಕೂತೆ. "ಪರಿಷ್ಕೃತ" ಅಂತ ಬರೆದು, ಕೆಳಗೆ ಏಪ್ರಿಲ್‌ನಲ್ಲಿ ಪಾಳು, ಡಿಸೆಂಬರ್‌ನಲ್ಲಿ ತೋಟ ಅಂತ ಹಾಕಿದೆ. ಇನ್ನೊಮ್ಮೆ ಓದಿ ನೋಡಿದೆ. ದೂರದ ಊರಲ್ಲಿ ಕೂತು ಇದನ್ನು ಓದುವವರಿಗೆ ಏನು ಅನಿಸುತ್ತದೆ? ಸ್ಥಾವರ ಬರುವ ಸುದ್ದಿ ಕೇಳಿ, ಪರಿಹಾರ ಹೆಚ್ಚು ಸಿಗಲಿ ಅಂತ ಈ ರೈತರು ಬರಡು ನೆಲದಲ್ಲಿ ರಾತ್ರೋರಾತ್ರಿ ಬಳ್ಳಿ ನೆಟ್ಟಿದ್ದಾರೆ ಅಂತಲೇ ಅನಿಸುತ್ತದೆ. ಹಾಗೆ ಮಾಡುವವರೂ ಇರುತ್ತಾರೆ, ಅವರನ್ನು ಹಿಡಿಯಲು ಇದೇ ಉಪಗ್ರಹದ ಚಿತ್ರ ಬಳಸುತ್ತಾರೆ. ಮೊದಲ ಸಲ ಅವಳ ತೋಟವನ್ನು ಬರಡು ಮಾಡಿದ್ದೆ, ಈಗ ಅವಳನ್ನೇ ಕಳ್ಳಿ ಮಾಡಲು ಹೊರಟಿದ್ದೆ.

ಮತ್ತೆ ಮೇಡಂ ಹತ್ತಿರ ಹೋಗಿ ಅದನ್ನೇ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಹಂಗಾರ ಇದ್ದದ್ದು ಇದ್ದಂಗ ಬರೀರಿ" ಅಂದರು. ಬರೆದೆ. ಏಪ್ರಿಲ್ ಚಿತ್ರ ತೆಗೆದಾಗಲೂ ಅಲ್ಲಿ ತೋಟವೇ ಇತ್ತು, ಆಗ ಚಾಟಣಿ ಆಗಿತ್ತು, ನಾನು ಒಂದೇ ಹಂಗಾಮಿನ ಚಿತ್ರ ನೋಡಿದೆ, ಸ್ಥಳಕ್ಕೆ ಹೋಗಲಿಲ್ಲ, ತಪ್ಪು ನನ್ನದು. ಕೆಳಗೆ ಸಹಿ ಮಾಡಿದೆ. ಅದರ ಕೆಳಗೆ ಮೇಡಂ, ಪರಿಶೀಲಿಸದೆ ಸಹಿ ಮಾಡಿದ್ದು ನನ್ನ ತಪ್ಪು ಅಂತ ತಮ್ಮ ಕೈಯಲ್ಲಿ ಬರೆದು ಸಹಿ ಮಾಡಿದರು. ಹಾಗೆ ಬರೆದ ಅಧಿಕಾರಿಯನ್ನು ನನ್ನ ನೌಕರಿಯಲ್ಲಿ ಇನ್ನೊಬ್ಬರನ್ನು ಕಾಣಲಿಲ್ಲ.

ಮುಂದಿನ ತಿಂಗಳುಗಳನ್ನು ಹೇಗೆ ಕಳೆದೆ ಅಂತ ಕೇಳಬೇಡಿ. ಇಬ್ಬರಿಗೂ ಕಾರಣ ಕೇಳಿ ನೋಟಿಸ್ ಬಂತು. ಉತ್ತರದಲ್ಲಿ ಹೊಸದೇನೂ ಬರೆಯಲು ಇರಲಿಲ್ಲ. ದಸರಾ ಮುಗಿದ ಮೇಲೆ ಮೇಲಿನ ಕಚೇರಿಯ ಮೂವರು ಬಂದರು. ಮೌಲಾಲಿಯೇ ಅವರನ್ನು ಬಬಲೇಶ್ವರ, ತಿಕೋಟಾ ಕಡೆಯೆಲ್ಲ ತಿರುಗಿಸಿದ. ಅವರು ಏನು ನೋಡಿದರು ಅಂತ ನಾನು ಅವನ ಬಾಯಿಂದಲೇ ಕೇಳಿ ತಿಳಿದುಕೊಂಡೆ, ಈ ಸಲ ಕೇಳಿದೆ. ನವೆಂಬರ್ ಕೊನೆಗೆ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ಬರೆಸಿಕೊಂಡು ನಿವೃತ್ತನಾದೆ. ಹಾರವನ್ನೂ ಹಾಕಿದರು.

ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಮೇಡಂ ಫೋನ್ ಮಾಡಿದರು. "ನಮ್ಮ ಹಾಳಿ ಪಟ್ಟಿಯಿಂದ ಹೋತ್ರಿ" ಅಂದರು. ತೋಟ ಇದ್ದದ್ದು ಒಂದು ಕಾರಣ, ಅಷ್ಟು ದೊಡ್ಡ ಸ್ಥಾವರಕ್ಕೆ ವರ್ಷವಿಡೀ ಬೇಕಾಗುವ ನೀರು ಸಿಗದಿರುವುದು ಇನ್ನೊಂದು ಕಾರಣ. ನೀರಿನ ಕಾರಣಕ್ಕೇ ಅದು ಮುಂದೆ ಯಾವತ್ತಾದರೂ ಬಿದ್ದುಹೋಗುತ್ತಿತ್ತೇನೋ, ನನ್ನ ಪತ್ರ ಬೇಕಾಗಿಯೇ ಇರಲಿಲ್ಲವೇನೋ. ಇರಲಿ. ಉಳಿದ ಜಾಗಗಳ ನಕ್ಷೆಗಳನ್ನೆಲ್ಲ ಎರಡು ಹಂಗಾಮಿನ ಚಿತ್ರದಿಂದ ಮಾಡಿ, ಸ್ಥಳಕ್ಕೆ ಹೋಗಿ ನೋಡಿಯೇ ಕಳಿಸಬೇಕು ಅಂತ ಆದೇಶವೂ ಬಂದಿತ್ತು. ಫೋನ್ ಇಟ್ಟು ಕುರ್ಚಿಯಲ್ಲಿ ಕೂತೆ, ಕಣ್ಣಲ್ಲಿ ನೀರು ಬಂತು. ಸುಜಾತಾ ಚಹಾಕ್ಕೆ ಇಟ್ಟಳು. ಅಂದು ಮಧ್ಯಾಹ್ನ ಮಲಗಿದವನು ದೀಪ ಹಚ್ಚುವ ಹೊತ್ತಿನವರೆಗೆ ಎದ್ದಿರಲಿಲ್ಲ.

ಒಂದು ಕೆಲಸ ಉಳಿದಿತ್ತು. ಜನವರಿಯಲ್ಲಿ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ತೋಟದಲ್ಲಿ ತಂತಿಯೇ ಕಾಣುತ್ತಿರಲಿಲ್ಲ, ಗೊಂಚಲುಗಳು ತಲೆಗೆ ತಾಗುತ್ತಿದ್ದವು. ಕಾಶೀಬಾಯಿ ಗುರುತು ಹಿಡಿದಳು. ನಿಂತುಕೊಂಡೇ ಹೇಳಿದೆ, "ಅಕ್ಕಾರ, ನಿಮ್ಮ ತೋಟ ಬರಡ ಅಂತ ಬರದಾಂವ ನಾನಾರಿ. ತಪ್ಪ ಆಗಿತ್ತು, ತಿದ್ದಿ ಬರದೆ. ಈಗ ಪಟ್ಟಿಯಾಗಿಂದ ತಗದಾರ. ಕಾರ್ಖಾನಿ ಇಲ್ಲಿಗೆ ಬರಂಗಿಲ್ಲ."

ಅವಳು ನಗಲಿಲ್ಲ. "ಅವತ್ತ ಯಾಕ ಹೇಳಲಿಲ್ಲರಿ?" ಅಂದಳು.

"ಅಂಜಿದ್ದೆರಿ."

"ನಾವೂ ಅಂಜಿದ್ವಿ" ಅಂದು, "ಬರ್ರಿ ಇಲ್ಲೆ" ಅಂತ ತೋಟದ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಂದು ತುಂಡು ನೆಲ ಖಾಲಿ ಬಿದ್ದಿತ್ತು. ಹುಲ್ಲು ಬೆಳೆದು ಒಣಗಿತ್ತು, ನಡುವೆ ಸಾಲು ಹಿಡಿದು ತೋಡಿದ ಹಳೆಯ ತೆಗ್ಗುಗಳು ಅರ್ಧ ಮುಚ್ಚಿಹೋಗಿದ್ದವು. "ಹ್ವಾದ ವರ್ಷ ಹೊಸಾ ಬಳ್ಳಿ ಹಚ್ಚಬೇಕಂತ ತೆಗ್ಗ ತೋಡಿಸಿದ್ದೆ. ಅಷ್ಟೊತ್ತಿಗೆ ನಿಮ್ಮ ಸುದ್ದಿ ಬಂತು. ಇರತೀವೋ ಇಲ್ಲೋ, ಯಾಕ ಹಚ್ಚೂದು ಅಂತ ಹಂಗಾ ಬಿಟ್ಟೆ."

ಇಡೀ ತೋಟದಲ್ಲಿ ಬರಡಾಗಿದ್ದುದು ಆ ತುಂಡೊಂದೇ. ಅದನ್ನು ಬರಡು ಮಾಡಿದ್ದು ನನ್ನ ಹಾಳೆ. ಅವಳು ಕಾಲಿನಿಂದ ಒಂದು ತೆಗ್ಗಿನ ಮಣ್ಣು ಸರಿಸಿ ಆಳ ನೋಡಿದಳು. ಆಮೇಲೆ, "ಖರೇನಾ ಬರಂಗಿಲ್ಲ ಅಲ್ರಿ?" ಅಂತ ಇನ್ನೊಮ್ಮೆ ಕೇಳಿದಳು. "ಖರೇರಿ" ಅಂದೆ.

"ಹಂಗಾರ ಮುಂದಿನ ವಾರ ಹಚ್ಚತೀನಿ. ಇದು ನಿಮ್ಮ ಫೋಟೋದಾಗ ತೋಟ ಅಂತ ಕಾಣಾಕ ಎಷ್ಟ ದಿನಾ ಬೇಕ್ರಿ?"

"ಎರಡು ವರ್ಷ ಬೇಕ್ರಿ."

"ಏಪ್ರಿಲ್ ಬಿಟ್ಟ ತಗೀರಿ" ಅಂದಳು ಕಾಶೀಬಾಯಿ.